ಜಲಜನಕಬಂಧದ ಲಕ್ಷಣ: ಒಂದು ವಿಮರ್ಶೆ

ವಸ್ತುವಿನ ಲಕ್ಷಣವನ್ನು ಹೇಳುವಲ್ಲಿ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ತಗಲದಂತೆ ನೋಡಿಕೊಳ್ಳತಕ್ಕುದೆಂಬುದು ತರ್ಕಶಾಸ್ತ್ರದ ಮೊದಲ ಪಾಠಗಳಲ್ಲಿಯೇ ಬರುವ ವಿಷಯ. ಈ ನಿಯಮವು ಸಂಸ್ಕೃತ ಪಾಠಶಾಲೆಯ ಗೋಡೆಗಳೊಳಗೆ ಮಾತ್ರ ಸಲ್ಲುವುದೆಂದು ಭಾವಿಸಲಾಗದು. 2011ರಲ್ಲಿ ಐ.ಯು.ಪಿ.ಎ.ಸಿ. ಎಂಬ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಸಂಘವು ಹೈಡ್ರೋಜನ್ ಬಂಧಕ್ಕೆ, ಎಂದರೆ ಜಲಜನಕಬಂಧಕ್ಕೆ, ಹೊಸ ಲಕ್ಷಣವಾಕ್ಯವೊಂದನ್ನು ಪ್ರಕಟಿಸಿತು. ಅದನ್ನು ರಚಿಸಿದ ಹದಿನಾಲ್ವರು ವಿದ್ವಾಂಸರಲ್ಲಿ ಅಗ್ರಣಿಗಳಾಗಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್ ಅವರು, ಅದೇ ಸಂಸ್ಥೆಯ ಗೌತಮ ದೇಸಿರಾಜು ಅವರೂ ಅವರೊಡನೆ ಇದ್ದರು. ಆ ವಾಕ್ಯವು ಲಕ್ಷಣಪರೀಕ್ಷೆಯಲ್ಲಿ ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ಇಲ್ಲಿ ವಿಚಾರ್ಯವಾದ ವಿಷಯ.

ಲಕ್ಷಣಕ್ಕೆ ಮೊದಲು ಲಕ್ಷ್ಯವು ಕಣ್ಣೆದುರಿಗಿರಬೇಕು. ಅದಕ್ಕಾಗಿ ದೊಡ್ಡಬಳ್ಳಾಪುರದ ಮಗ್ಗಗಳವರೆಗೆ ಹೋದರೆ ಸಾಕು. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಸಂತೆಗೆ ಬರುವ ರೇಷ್ಮೆಗೂಡನ್ನು ನೂಲು ಬಿಚ್ಚುವವರು ಬಿಸಿನೀರಿನಲ್ಲಿ ಹಾಕುವರು. ಗೂಡಿನ ತೂಕದಲ್ಲಿ ಸುಮಾರು ಕಾಲುಭಾಗದಷ್ಟಿರುವ ಸೆರಿಸಿನ್ ಎಂಬ ಅಂಟು ಮೆತ್ತಗಾಗಿ ಎಳೆಯ ತುದಿ ಸಿಕ್ಕುವುದು. ಒಳಗಿನ ಫೈಬ್ರಾಯಿನ್ ಎಂಬ ಎಳೆ ಮಾತ್ರ ಕರಗದು. ಎರಡೂ ಪ್ರೋಟೀನುಗಳೇ. ಫೈಬ್ರಾಯಿನಿನ ಉದ್ದನೆಯ ಅಣುಸರಪಣಿಗಳು, ಮಗ್ಗದ ಹಾಸಿನ ನೂಲುಗಳಂತೆ, ಒಂದರ ಪಕ್ಕದಲ್ಲೊಂದು ಮಲಗಿರುವುವು. ಒಂದು ಸರಪಣಿಯಲ್ಲಿ ಸಾರಜನಕಕ್ಕೆ ಸೇರಿರುವ ಜಲಜನಕವು ಪಕ್ಕದ ಸರಪಣಿಯ ಆಮ್ಲಜನಕದ ಕಡೆಗೆ ಸೆಳೆಯಲ್ಪಟ್ಟು ಅಲ್ಲಿ ಹಿಡಿದುಕೊಳ್ಳುವುದು. ಈ ಹಿಡಿತವೇ ಜಲಜನಕಬಂಧ. ಫೈಬ್ರಾಯಿನಿನ ಈ ಒತ್ತಾದ ಜೋಡಣೆಯೊಳಕ್ಕೆ ನೀರು ನುಗ್ಗಲಾರದು. ಸೆರಿಸಿನ್ನಿನಲ್ಲಿಯೋ ನೀರನ್ನು ಕರೆದುಕೊಳ್ಳುವ ಗುಂಪುಗಳು ಹೆಚ್ಚು, ಜೋಡಣೆಯೂ ಸಡಿಲು. ಆದುದರಿಂದ ನೀರಿನ ಅಣುಗಳು ತಾವೇ ಅಲ್ಲಿ ಬಂಧಗಳನ್ನು ಏರ್ಪಡಿಸಿಕೊಂಡು ಅಂಟನ್ನು ಬಿಡಿಸುವುವು. ಒಂದೇ ಜಾತಿಯ ಬಂಧವು ಒಂದೆಡೆ ಎಳೆಯನ್ನು ಕಾಯುವುದು, ಮತ್ತೊಂದೆಡೆ ಅಂಟನ್ನು ಕರಗಿಸುವುದು. ಮಂಜುಗಡ್ಡೆ ನೀರಿನ ಮೇಲೆ ತೇಲುವುದಕ್ಕೂ, ಡಿ.ಎನ್.ಎ.ಯ ಎರಡು ಎಳೆಗಳು ಜೋಡಿಯಾಗಿ ನಿಲ್ಲುವುದಕ್ಕೂ ಇದೇ ಕಾರಣ, ಡಿ.ಎನ್.ಎ.ಯಲ್ಲಿ ಅಡಿನೈನ್–ಥೈಮೀನ್ ಜೋಡಿಗೆ ಎರಡು, ಗ್ವಾನೀನ್–ಸೈಟೊಸೀನ್ ಜೋಡಿಗೆ ಮೂರು ಬಂಧಗಳು.

ಹಿಂದಿನ ಲಕ್ಷಣವು ಲೈನಸ್ ಪಾಲಿಂಗರ 1939ರ ಗ್ರಂಥದಿಂದ ರೂಢಿಗೆ ಬಂದುದು. ಎಲೆಕ್ಟ್ರಾನುಗಳನ್ನು ಬಲವಾಗಿ ಸೆಳೆಯುವ ಫ್ಲೋರಿನ್, ಆಮ್ಲಜನಕ, ಸಾರಜನಕಗಳ ನಡುವೆ ಜಲಜನಕವು ನಿಂತಾಗ ಮಾತ್ರ ಈ ಬಂಧವೆಂಬುದು ಪಾಠಪುಸ್ತಕಗಳ ಮತ. ಇದು ಗೋವಿಗೆ ಕಪಿಲವರ್ಣವನ್ನು ಲಕ್ಷಣವಾಗಿ ಹೇಳಿದಂತಾಯಿತು. ಬಿಳಿಯ ಗೋವು ಹೊರಗೆ ಉಳಿಯಿತು. ನೀರು 100 ಡಿಗ್ರಿಯಲ್ಲಿ ಕುದಿದರೆ ಹೈಡ್ರೋಜನ್ ಸಲ್ಫೈಡ್ ಶೂನ್ಯಕ್ಕಿಂತ ಕೆಳಗೆ ಸುಮಾರು 60 ಡಿಗ್ರಿಯಲ್ಲಿಯೇ ಕುದಿಯುವುದು. ಮಂಜಿನಲ್ಲಿ ಒಂದು ಅಣುವಿಗೆ ನಾಲ್ಕು ನೆರೆಗಳಿದ್ದರೆ ಅದರ ಘನರೂಪದಲ್ಲಿ ಹನ್ನೆರಡು. ಆದುದರಿಂದ ಗಂಧಕಕ್ಕೆ ಈ ಬಂಧವಿಲ್ಲವೆಂದು ತೀರ್ಮಾನಿಸಿದರು. ಆದರೆ 2018ರಲ್ಲಿ ಅರುಣನ್ ಮತ್ತು ಅವರ ಸಹೋದ್ಯೋಗಿಗಳು ಅತಿಶೀತದಲ್ಲಿ ಮೈಕ್ರೋವೇವ್ ವರ್ಣಪಟಲವನ್ನು ಪರೀಕ್ಷಿಸಿ, ಅದರ ಎರಡು ಅಣುಗಳು ನೀರಿನ ಎರಡು ಅಣುಗಳಂತೆಯೇ ಜಲಜನಕಬಂಧದಿಂದ ಕೂಡುವುವೆಂದು ತೋರಿಸಿದರು. ಇಂಗಾಲಕ್ಕೆ ಸೇರಿದ ಜಲಜನಕದ ವಿಷಯದಲ್ಲಿಯಂತೂ ವಾದವು ದೀರ್ಘವಾಗಿ ನಡೆಯಿತು. 1962ರಲ್ಲಿ ಜೂನ್ ಸೂಟರ್ ಎಂಬ ವಿದುಷಿಯು ಸ್ಫಟಿಕಗಳಲ್ಲಿ ಅಂತಹ ಬಂಧವುಂಟೆಂದು ಪ್ರತಿಪಾದಿಸಲು, ಅದು ಕೆಲವು ವರ್ಷಗಳಲ್ಲಿಯೇ ನಿರಾಕರಿಸಲ್ಪಟ್ಟಿತು. 1982ರ ಬಳಿಕ ಪುನಃ ಅಂಗೀಕಾರವನ್ನು ಪಡೆಯಿತು. ಲಕ್ಷಣದ ಅವ್ಯಾಪ್ತಿಯಿಂದ ಸತ್ಯವಾದ ಮಾತೊಂದು ಇಪ್ಪತ್ತು ವರ್ಷ ಹೊರಗೆ ನಿಂತಿತೆಂದರೆ ಅತಿಶಯೋಕ್ತಿಯಾಗದು.

ಹೊಸ ವಾಕ್ಯದ ತಾತ್ಪರ್ಯವು ಹೀಗಿರುವುದು: ಜಲಜನಕಕ್ಕಿಂತ ಹೆಚ್ಚಾಗಿ ಎಲೆಕ್ಟ್ರಾನುಗಳನ್ನು ಸೆಳೆಯುವ ಪರಮಾಣುವಿಗೆ ಸೇರಿರುವ ಜಲಜನಕಕ್ಕೂ, ಅದೇ ಅಣುವಿನ ಅಥವಾ ಬೇರೆ ಅಣುವಿನ ಮತ್ತೊಂದು ಪರಮಾಣುವಿಗೆ ಇಲ್ಲವೆ ಪರಮಾಣುಸಮೂಹಕ್ಕೂ ನಡುವೆ ಇರುವ ಆಕರ್ಷಣೆ, ಬಂಧವು ಏರ್ಪಟ್ಟಿರುವುದಕ್ಕೆ ಪ್ರಮಾಣವಿರತಕ್ಕುದು. ‘ಬಲವಾಗಿ’ ಎಂಬ ಪದವನ್ನು ಬಿಟ್ಟು ‘ಜಲಜನಕಕ್ಕಿಂತ ಹೆಚ್ಚಾಗಿ’ ಎಂದುದರಿಂದ ಗಂಧಕ, ಇಂಗಾಲಗಳೂ ಒಳಕ್ಕೆ ಬಂದುವು. ಅವ್ಯಾಪ್ತಿಯು ಕಳೆಯಿತು. ಅಣುಗಳಲ್ಲಿ ಸಾಮಾನ್ಯವಾದ ಎಲ್ಲ ಆಕರ್ಷಣೆಗೂ ಅತಿವ್ಯಾಪ್ತಿಯು ಬಾರದಂತೆ ಕೊನೆಯ ಪದಗಳು ತಡೆಯುವುವು.

ಇಲ್ಲಿ ಪೂರ್ವಪಕ್ಷಿಯು ಸುಮ್ಮನಿರಲಾರನು. ಬಂಧವನ್ನು ಲಕ್ಷಿಸಹೊರಟು ‘ಬಂಧಕ್ಕೆ ಪ್ರಮಾಣವಿದ್ದರೆ’ ಎಂದುದು ಆತ್ಮಾಶ್ರಯವಲ್ಲವೇ? ಅಲ್ಲ. ಲಕ್ಷ್ಯವು ಬಂಧವಿಶೇಷ, ವಾಕ್ಯದೊಳಗಿನದು ಬಂಧಸಾಮಾನ್ಯ. ಸಾಮಾನ್ಯವು ಮೊದಲೇ ತಿಳಿದಿರಲು ಅದರಿಂದ ವಿಶೇಷವನ್ನು ಹೇಳುವುದರಲ್ಲಿ ದೋಷವಿಲ್ಲ. ಇದಕ್ಕಿಂತ ಬಲವಾದ ಆಕ್ಷೇಪವು ಬೇರೊಂದಿದೆ. ವಾಕ್ಯದ ಕೆಳಗೆ ಆರು ನಿದರ್ಶನಗಳನ್ನು ಕೊಟ್ಟಿರುವರು: ಮೂರು ಪರಮಾಣುಗಳು ಪ್ರಾಯಃ ಸರಳರೇಖೆಯಲ್ಲಿರುವುವು, ಜಲಜನಕದ ಮೂಲ ಬಂಧವು ಪ್ರಾಯಃ ಸ್ವಲ್ಪ ಉದ್ದವಾಗುವುದು, ಇತ್ಯಾದಿ. ಇವು ಲಕ್ಷಣಗಳಲ್ಲ, ಲಿಂಗಗಳು, ಬೆಂಕಿಗೆ ಹೊಗೆಯಿದ್ದಂತೆ. ಹೊಗೆಯಿಲ್ಲದ ಕೆಂಡವೂ ಬೆಂಕಿಯೇ. ಹೆಚ್ಚು ನಿದರ್ಶನಗಳು ಕೂಡಿದಷ್ಟೂ ನಿರ್ಣಯವು ದೃಢವೆಂದು ಕರ್ತೃಗಳೇ ಹೇಳಿರುವರು. ಆದರೆ ಕನಿಷ್ಠಪಕ್ಷ ಎಷ್ಟು ಕೂಡಬೇಕೆಂಬುದನ್ನು ಹೇಳಿಲ್ಲ.

ಇದು ಒಣ ತರ್ಕವಲ್ಲವೆಂಬುದು ಪುನಃ ರೇಷ್ಮೆಯ ಎಳೆಯಿಂದಲೇ ತಿಳಿಯುವುದು. ಫೈಬ್ರಾಯಿನಿನಲ್ಲಿ ಸಾರಜನಕದ ಜಲಜನಕವು ಪಕ್ಕದ ಆಮ್ಲಜನಕವನ್ನು ಹಿಡಿದಿರುವುದು ನಿರ್ವಿವಾದವಾದ ಲಕ್ಷ್ಯ. ಇಂತಹ ಪ್ರೋಟೀನ್ ಹಾಳೆಗಳಲ್ಲಿ ಸರಪಣಿಯ ಇಂಗಾಲಕ್ಕೆ ಸೇರಿದ ಜಲಜನಕವೂ ಪಕ್ಕದ ಆಮ್ಲಜನಕಕ್ಕೆ ಸಮೀಪವಾಗಿ ಬರುವುದು. ಅದನ್ನು ಬಂಧವೆನ್ನಬೇಕೆ, ಕೇವಲ ಸಾಮೀಪ್ಯವೆನ್ನಬೇಕೆ? ಹಳೆಯ ಲಕ್ಷಣವು ವಿಚಾರವಿಲ್ಲದೆ ಅಲ್ಲವೆನ್ನುತ್ತಿತ್ತು. ಹೊಸದು ಪ್ರಮಾಣವನ್ನು ತನ್ನಿರೆನ್ನುವುದು. ತಂದ ಪ್ರಮಾಣವನ್ನು ಇಬ್ಬರು ಎರಡು ಬಗೆಯಾಗಿ ತೂಗಿದರೆ ಇಬ್ಬರಿಗೂ ಎಡೆಗೊಡುವುದು. ಗಡಿಯಲ್ಲಿ ಇಂತಹ ಸಂದರ್ಭಗಳು ಬರುವುವೆಂದು ಸಮಿತಿಯೇ ಒಪ್ಪಿರುವುದು ಪ್ರಾಮಾಣಿಕತೆಯ ಗುರುತು. ಆದರೂ ಲಕ್ಷಣವನ್ನೂ ಲಿಂಗವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸದೆ ಬೇರ್ಪಡಿಸಿದ್ದರೆ ವಿವಾದವು ಕಡಮೆಯಾಗುತ್ತಿತ್ತು.

ಕನ್ನಡಕ್ಕೆ ಇದನ್ನು ತರುವವರಿಗೆ ಈ ಭೇದವು ಇನ್ನೂ ಅವಶ್ಯಕ. ‘ಪ್ರಾಯಃ’ ಎಂಬ ಅರ್ಥದ ಪದವು ಮೂಲದಲ್ಲಿ ಅಲ್ಲಲ್ಲಿ ಬರುವುದು. ಸಂಕ್ಷೇಪದ ಆಸೆಯಿಂದ ಅದನ್ನು ಕೈಬಿಟ್ಟರೆ, ಪಾಠಪುಸ್ತಕದಲ್ಲಿ ಮೂರು ಪರಮಾಣುಗಳು ಸರಳರೇಖೆಯಲ್ಲಿರಲೇಬೇಕೆಂಬ ನಿಯಮವು ಹುಟ್ಟಿ, ಹಳೆಯ ಅವ್ಯಾಪ್ತಿಯು ಬೇರೊಂದು ಬಾಗಿಲಿನಿಂದ ಒಳಕ್ಕೆ ಬರುವುದು.