ಎಲ್ಲ ಪರದೆಗೂ ಒಂದೇ ಎಪಿಐ ಎಂಬ ಹಠ

ವೆಬ್ ಅಪ್ಲಿಕೇಶನ್ ಕಟ್ಟುವವರ ನಡುವೆ ಒಂದು ಮಾತು ಬಹುಕಾಲದಿಂದ ಪ್ರಶ್ನೆಯಿಲ್ಲದೆ ನಡೆದುಬಂದಿದೆ: ಸರ್ವರ್‌ನ ಎಪಿಐಗೆ ಪರದೆಯ ಗೊಡವೆ ಇರಬಾರದು. ಗಿರಾಕಿ, ಬಿಲ್, ಪಾವತಿ ಎಂದು ಒಂದೊಂದಕ್ಕೂ ಒಂದು ವಿಳಾಸ ಕೊಟ್ಟು, ಓದುವುದು, ಸೇರಿಸುವುದು, ತಿದ್ದುವುದು, ಅಳಿಸುವುದು ಎಂಬ ನಾಲ್ಕು ಕೆಲಸ ಒದಗಿಸಿದರೆ ಸಾಕು. ಬ್ರೌಸರ್, ಮೊಬೈಲ್, ಹೊರಗಿನ ಕಂಪನಿಗಳು ಎಲ್ಲರೂ ಅದನ್ನೇ ಬಳಸಿಕೊಳ್ಳಲಿ. ಇದನ್ನೇ ಶುದ್ಧ ವಿನ್ಯಾಸ ಎಂದು ಕಲಿಸುತ್ತಾರೆ, ಇಂಟರ್‌ವ್ಯೂಗಳಲ್ಲಿ ಕೇಳುತ್ತಾರೆ. ಒಂದು ಪರದೆಗೆಂದೇ ಬರೆದ ಎಪಿಐ ಕಂಡರೆ ಕೋಡ್ ರಿವ್ಯೂನಲ್ಲೇ ತಡೆಯುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬಹುಪಾಲು ಕೆಲಸ ಬ್ರೌಸರಿನೊಳಗೇ ನಡೆಯುವ ಅಪ್ಲಿಕೇಶನ್‌ಗೆ ಎಪಿಐ ರೂಪಿಸುವಾಗ, ಬಳಸುವವರು ಆ ಪರದೆಯಲ್ಲಿ ಏನು ಮಾಡಲು ಬಂದಿದ್ದಾರೆ ಎಂಬಲ್ಲಿಂದಲೇ ಶುರು ಮಾಡಬೇಕು.

ಸಗಟು ಅಂಗಡಿಯೊಂದರ ಬಾಕಿ ಬಿಲ್‌ಗಳ ಪರದೆಯನ್ನು ತೆಗೆದುಕೊಳ್ಳಿ. ಇಪ್ಪತ್ತು ಸಾಲು, ಪ್ರತಿ ಸಾಲಿನಲ್ಲಿ ಬಿಲ್ ಮೊತ್ತ, ಗಿರಾಕಿಯ ಹೆಸರು, ಕೊನೆಯ ಪಾವತಿಯ ದಿನಾಂಕ. ಶುದ್ಧ ಎಪಿಐಯಲ್ಲಿ ಮೊದಲು ಬಿಲ್‌ಗಳ ಪಟ್ಟಿ ತರಬೇಕು, ಆಮೇಲೆ ಇಪ್ಪತ್ತು ಗಿರಾಕಿಗಳ ವಿವರ, ಜೊತೆಗೆ ಇಪ್ಪತ್ತು ಪಾವತಿಗಳು. ಒಟ್ಟು 41 ರಿಕ್ವೆಸ್ಟ್. ಎಚ್‌ಟಿಟಿಪಿ 1.1ರಲ್ಲಿ ಸಾಮಾನ್ಯವಾಗಿ ಬ್ರೌಸರ್ ಒಂದು ಸರ್ವರ್‌ಗೆ ಒಮ್ಮೆಗೆ ಆರು ಸಂಪರ್ಕಗಳನ್ನಷ್ಟೇ ತೆರೆಯುತ್ತದೆ. ಅಂದರೆ ಪಟ್ಟಿಗೆ ಒಂದು ಸುತ್ತು, ಉಳಿದ ನಲವತ್ತಕ್ಕೆ ಏಳು ಸುತ್ತು. ಹೋಗಿಬರಲು 200 ಮಿಲಿಸೆಕೆಂಡ್ ಹಿಡಿಯುವ ನೆಟ್‌ವರ್ಕ್‌ನಲ್ಲಿ ಓಡಾಟಕ್ಕೇ 1.6 ಸೆಕೆಂಡ್ ಹೋಯಿತು. ಹೆಸರೊಂದೇ ಬೇಕಿದ್ದರೂ ಪ್ರತಿ ಗಿರಾಕಿಯ ವಿಳಾಸ, ಫೋನ್, ಜಿಎಸ್‌ಟಿ ಸಂಖ್ಯೆಗಳೆಲ್ಲ ಬಂದು ಬೀಳುತ್ತವೆ. ಅದೇ ಪರದೆಗೆಂದು ಒಂದು ಎಪಿಐ ಬರೆದರೆ ಡೇಟಾಬೇಸ್ ಪಕ್ಕದಲ್ಲೇ ಇರುವ ಸರ್ವರ್ ಇಷ್ಟನ್ನೂ ಜೋಡಿಸಿ ಒಂದೇ ಸಲಕ್ಕೆ ಕಳಿಸುತ್ತದೆ.

ಎಚ್‌ಟಿಟಿಪಿ 2 ಬಂದಮೇಲೆ ಈ ತೊಂದರೆ ತೀರಿತಲ್ಲ ಎನ್ನುವವರಿದ್ದಾರೆ. ಅರ್ಧದಷ್ಟು ನಿಜ. ಒಂದೇ ಸಂಪರ್ಕದಲ್ಲಿ ಹಲವು ರಿಕ್ವೆಸ್ಟ್‌ಗಳು ಒಟ್ಟಿಗೆ ಹೋಗುವುದರಿಂದ ಕ್ಯೂ ಕರಗುತ್ತದೆ. ಆದರೆ ಪಟ್ಟಿ ಬಾರದೆ ಗಿರಾಕಿಯ ಐಡಿ ತಿಳಿಯದು, ಶಾಖೆಯನ್ನೂ ತೋರಿಸಬೇಕಿದ್ದರೆ ಗಿರಾಕಿಯ ವಿವರ ಬಾರದೆ ಅವರು ಯಾವ ಶಾಖೆಗೆ ಸೇರಿದವರೆಂದು ತಿಳಿಯದು. ಒಂದರ ಉತ್ತರಕ್ಕೆ ಇನ್ನೊಂದು ಕಾಯುವ ಈ ಸರಪಳಿಯನ್ನು ಯಾವ ಪ್ರೋಟೋಕಾಲೂ ಕಡಿಯಲಾರದು. ಅದನ್ನು ಕಡಿಯುವುದು ವಿನ್ಯಾಸಕಾರರ ಕೆಲಸ.

ಈ ಶುದ್ಧತೆಗೆ ಆಧಾರವಾಗಿ ಎಲ್ಲರೂ ತೋರಿಸುವುದು ರಾಯ್ ಫೀಲ್ಡಿಂಗ್ ಅವರನ್ನು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ನಲ್ಲಿ 2000ರಲ್ಲಿ ಅವರು ಸಲ್ಲಿಸಿದ ಪ್ರಬಂಧದಿಂದಲೇ ಈ ಬಗೆಯ ಎಪಿಐಗೆ ಜನ ಕೊಡುವ ರೆಸ್ಟ್ ಎಂಬ ಹೆಸರು ಬಂದದ್ದು. ಏಕರೂಪದ ಇಂಟರ್‌ಫೇಸ್‌ನಿಂದ ದಕ್ಷತೆ ಕುಗ್ಗುತ್ತದೆ, ಏಕೆಂದರೆ ಮಾಹಿತಿ ಆಯಾ ಅಪ್ಲಿಕೇಶನ್‌ಗೆ ಬೇಕಾದ ರೂಪದಲ್ಲಿ ಬಾರದೆ ಒಂದು ಸಿದ್ಧ ರೂಪದಲ್ಲಿ ಬರುತ್ತದೆ ಎಂದು ಆ ಪ್ರಬಂಧವೇ ಹೇಳುತ್ತದೆ. ದೊಡ್ಡ ದೊಡ್ಡ ಹೈಪರ್‌ಮೀಡಿಯಾ ದಾಖಲೆಗಳ ಸಾಗಣೆಗೆ ಅದು ಸರಿ, ಬೇರೆ ಬಗೆಯ ಕೆಲಸಗಳಿಗೆ ಅಷ್ಟು ಹೊಂದದು ಎಂದೂ ಅದರಲ್ಲಿದೆ. ಆಗಿನ ವೆಬ್ ಪುಟದಿಂದ ಪುಟಕ್ಕೆ ಸಾಗುವ ವೆಬ್. ಪುಟ ಬದಲಾಗದೆ ಹಿನ್ನೆಲೆಯಲ್ಲಿ ಸರ್ವರ್ ಜೊತೆ ಮಾತಾಡುವ ರೀತಿಗೆ ಏಜಾಕ್ಸ್ ಎಂಬ ಹೆಸರು ಸಿಕ್ಕಿದ್ದೇ 2005ರಲ್ಲಿ. ಮೂಲ ಲೇಖಕರು ಇಷ್ಟು ಸ್ಪಷ್ಟವಾಗಿ ಗೆರೆ ಎಳೆದಿಟ್ಟಿರುವಾಗ, ಅದನ್ನು ದಾಟಿ ಅವರ ಹೆಸರಿನಲ್ಲೇ ಕಟ್ಟುಪಾಡು ಮಾಡುವುದು ಸರಿಯಲ್ಲ.

ದೊಡ್ಡ ಪ್ರಮಾಣದಲ್ಲಿ ಈ ಪೆಟ್ಟು ತಿಂದವರು ದಾರಿ ಬದಲಿಸಿದ್ದಾರೆ. ಎಂಟುನೂರಕ್ಕೂ ಹೆಚ್ಚು ಬಗೆಯ ಸಾಧನಗಳಲ್ಲಿ ಓಡುತ್ತಿದ್ದ ನೆಟ್‌ಫ್ಲಿಕ್ಸ್ 2012ರ ಹೊತ್ತಿಗೆ ಎಲ್ಲಕ್ಕೂ ಹೊಂದುವ ಒಂದೇ ಎಪಿಐಯನ್ನು ಕೈಬಿಟ್ಟಿತು. ಟಿವಿ, ಫೋನ್, ಗೇಮ್ ಕನ್ಸೋಲ್‌ಗಳ ತಂಡಗಳು ತಮ್ಮ ಪರದೆಗೆ ಬೇಕಾದ ಎಪಿಐಯನ್ನು ಸರ್ವರ್‌ನಲ್ಲಿ ತಾವೇ ಬರೆದುಕೊಳ್ಳಲು ಅವಕಾಶ ಕೊಟ್ಟಿತು. ಅದೇ 2012ರಲ್ಲಿ ಫೇಸ್‌ಬುಕ್ ತನ್ನ ಮೊಬೈಲ್ ಆ್ಯಪ್‌ಗಾಗಿ ಗ್ರಾಫ್‌ಕ್ಯೂಎಲ್ ಎಂಬ ಪ್ರಶ್ನೆಭಾಷೆಯನ್ನು ಶುರುಮಾಡಿ 2015ರಲ್ಲಿ ಎಲ್ಲರಿಗೂ ತೆರೆದಿಟ್ಟಿತು. ಇಬ್ಬರ ದಾರಿ ಬೇರೆಯಾದರೂ ಪರದೆಗೆ ಏನು ಬೇಕೋ ಅದನ್ನು ಪರದೆಯೇ ಹೇಳಲಿ ಎಂಬ ನಿಲುವು ಒಂದೇ.

ಓದುವ ಮಾತು ಹೀಗಾದರೆ ಬರೆಯುವ ಕಡೆ ಹಾನಿ ಇನ್ನೂ ದೊಡ್ಡದು. ಅದೇ ಅಂಗಡಿಯಲ್ಲಿ ಒಂದು ಬಿಲ್ ರದ್ದು ಮಾಡಬೇಕು ಎಂದುಕೊಳ್ಳಿ. ನಾಲ್ಕೇ ಕೆಲಸದ ಎಪಿಐ ಇದ್ದರೆ ಬ್ರೌಸರ್ ಮೊದಲು ಬಿಲ್‌ನ ಸ್ಥಿತಿ ತಿದ್ದಬೇಕು, ಆಮೇಲೆ ಸ್ಟಾಕ್ ಹೆಚ್ಚಿಸಬೇಕು, ಕೊನೆಗೆ ಗಿರಾಕಿಯ ಬಾಕಿ ಇಳಿಸಬೇಕು. ಎರಡನೆಯದು ಮುಗಿದೊಡನೆ ನೆಟ್‌ವರ್ಕ್ ಹೋದರೆ? ಬಿಲ್ ರದ್ದಾಗಿದೆ, ಮಾಲು ವಾಪಸ್ ಬಂದಿದೆ, ಗಿರಾಕಿಯ ತಲೆ ಮೇಲೆ ಸಾಲ ಹಾಗೇ ಉಳಿದಿದೆ. ವ್ಯಾಪಾರದ ನಿಯಮ ಸರ್ವರ್‌ನಿಂದ ಜಾರಿ ಬ್ರೌಸರ್ ಪಾಲಾದಾಗ ಆಗುವುದು ಇದೇ. ‘ಬಿಲ್ ರದ್ದು ಮಾಡು’ ಎಂಬ ಒಂದೇ ಎಪಿಐ ಇದ್ದರೆ ಮೂರೂ ಬದಲಾವಣೆ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗುತ್ತವೆ. ಆಗುವುದಾದರೆ ಎಲ್ಲವೂ ಆಯಿತು, ಇಲ್ಲದಿದ್ದರೆ ಯಾವುದೂ ಇಲ್ಲ. ರಿಕ್ವೆಸ್ಟ್ ಜೊತೆ ಬ್ರೌಸರ್ ತಾನೇ ಹುಟ್ಟಿಸಿದ ಒಂದು ಗುರುತುಸಂಖ್ಯೆಯನ್ನೂ ಕಳಿಸಿದರೆ, ಉತ್ತರ ಬಾರದೆ ಬಳಕೆದಾರರು ಬಟನ್ ಮತ್ತೆ ಒತ್ತಿದರೂ ಅದೇ ಸಂಖ್ಯೆಯನ್ನು ಮತ್ತೆ ಕಂಡ ಸರ್ವರ್ ಆ ಕೆಲಸವನ್ನು ಎರಡನೇ ಸಲ ಮಾಡುವುದಿಲ್ಲ.

ಪರದೆ ತಿಂಗಳಿಗೊಮ್ಮೆ ಬದಲಾಗುತ್ತದೆ, ಎಪಿಐಯೂ ಅದರ ಹಿಂದೆ ಓಡಬೇಕೇ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೊರಗಿನ ಕಂಪನಿಗಳು ನೆಚ್ಚಿಕೊಂಡ ಎಪಿಐ ಸ್ಥಿರವಾಗಿ, ಸಾಮಾನ್ಯ ರೂಪದಲ್ಲೇ ಇರಬೇಕು. ಯಾರು, ಯಾವುದಕ್ಕೆ ಬಳಸುತ್ತಾರೆಂದು ಅಲ್ಲಿ ನಮಗೆ ಗೊತ್ತಿರುವುದಿಲ್ಲ. ಆದರೆ ಪರದೆ ಮತ್ತು ಸರ್ವರ್ ಎರಡನ್ನೂ ಒಂದೇ ತಂಡ ಬರೆದು ಒಟ್ಟಿಗೆ ಬಿಡುಗಡೆ ಮಾಡುವಾಗ ಅವೆರಡರ ನಂಟು ಹೇಗೂ ಇದ್ದೇ ಇದೆ. ಸಾಮಾನ್ಯ ಎಪಿಐ ಆ ನಂಟನ್ನು ಬ್ರೌಸರ್‌ನ ಕೋಡ್‌ನೊಳಗೆ ಅಡಗಿಸುತ್ತದೆ ಅಷ್ಟೆ. ಒಂದೇ ನಿಯಮವನ್ನು ಹತ್ತು ಕಡೆ ಬರೆಯಬೇಕಾದೀತು ಎಂಬ ಭಯಕ್ಕೂ ಪರಿಹಾರವಿದೆ: ನಿಯಮಗಳೆಲ್ಲ ಸರ್ವರ್‌ನ ಒಳಪದರದಲ್ಲಿ ಒಂದೇ ಕಡೆ ಇರಲಿ, ಪರದೆಗೆ ತಕ್ಕ ಎಪಿಐ ಅದರ ಮೇಲಿನ ತೆಳುವಾದ ಹೊದಿಕೆಯಾಗಿರಲಿ.

ಹಾಗಾಗಿ ಹೊಸ ಎಪಿಐ ಬರೆಯಲು ಕುಳಿತವರು ಡೇಟಾಬೇಸ್‌ನ ಟೇಬಲ್‌ಗಳ ಪಟ್ಟಿಯನ್ನು ಬದಿಗಿಟ್ಟು, ಬಳಕೆದಾರರು ಮಾಡುವ ಕೆಲಸಗಳ ಪಟ್ಟಿಯನ್ನು ಮೊದಲು ಬರೆಯಲಿ. ಪ್ರತಿ ಪರದೆ ತೆರೆಯಲು ಎಷ್ಟು ಸಲ ಸರ್ವರ್‌ಗೆ ಹೋಗಿಬರಬೇಕು, ನಡುವೆ ಸಂಪರ್ಕ ತಪ್ಪಿದರೆ ಲೆಕ್ಕ ಎಲ್ಲಿ ಕೆಡುತ್ತದೆ ಎಂಬ ಎರಡು ಪ್ರಶ್ನೆಗೆ ಕೋಡ್ ರಿವ್ಯೂನಲ್ಲಿ ಉತ್ತರ ಸಿಗಲಿ. ನಿಧಾನ ನೆಟ್‌ವರ್ಕ್‌ನಲ್ಲಿ, ಹಳೆಯ ಫೋನ್ ಹಿಡಿದು ಕೆಲಸ ಮಾಡುವವರಿಗೆ ನಮ್ಮ ವಿನ್ಯಾಸದ ಶುದ್ಧತೆ ಕಾಣುವುದಿಲ್ಲ. ಅವರು ಕಾಯುವ ಸಮಯ ಮಾತ್ರ ಕಾಣುತ್ತದೆ. ಎಪಿಐ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವ ಹಕ್ಕು ಅವರದು.