ಕೋಟೆ ಮತ್ತು ಹೆಬ್ಬಾಗಿಲು

1963ನೆಯ ಇಸವಿ ಜುಲೈ 26ರಂದು ಬೆಳಗಿನ ಜಾವ 5 ಗಂಟೆ 17 ನಿಮಿಷಕ್ಕೆ, ಆಗ ಯುಗೋಸ್ಲಾವಿಯಕ್ಕೆ ಸೇರಿದ್ದ ಮ್ಯಾಸಿಡೋನಿಯದ ರಾಜಧಾನಿ ಸ್ಕೋಪ್ಯೆ ಭೂಕಂಪಕ್ಕೆ ಸಿಕ್ಕಿ ನೆಲಕ್ಕೊರಗಿತು. ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ರೈಲು ನಿಲ್ದಾಣದ ಗಡಿಯಾರ ಆ ಗಳಿಗೆಗೇ ನಿಂತಿತು. ಅದನ್ನು ಇಂದಿಗೂ ಹಾಗೆಯೇ ಉಳಿಸಿಕೊಂಡಿದ್ದಾರೆ. ನಗರದ ನಡುಭಾಗವನ್ನು ಮತ್ತೆ ಕಟ್ಟಲು ವಿಶ್ವಸಂಸ್ಥೆಯ ಆಶ್ರಯದಲ್ಲಿ 1965ರಲ್ಲಿ ಸ್ಪರ್ಧೆ ನಡೆಯಿತು. ಬಹುಮಾನದಲ್ಲಿ ನೂರಕ್ಕೆ 60 ಪಾಲು ಜಪಾನಿನ ಕೆನ್ಜೋ ತಾಂಗೆಯ ತಂಡಕ್ಕೂ 40 ಪಾಲು ಜಾಗ್ರೆಬಿನ ಮಿಶ್ಚೆವಿಚ್ ಮತ್ತು ವೆಂಜ್ಲರ್ ಅವರಿಗೂ ಸಂದಿತು.

ನಾನು ಕನ್ನಡದ ಮೇಷ್ಟ್ರು. ಸಿಮೆಂಟು ಕಬ್ಬಿಣದ ಲೆಕ್ಕ ನನ್ನದಲ್ಲ. ಆದರೆ ತಾಂಗೆ ತನ್ನ ಯೋಜನೆಯನ್ನು ರೂಪಕಗಳಲ್ಲಿ ಹೇಳಿದ್ದಾನೆ. ರೂಪಕವೆಂದ ಮೇಲೆ ನಮ್ಮಂಥವರೂ ಒಂದು ಮಾತು ಆಡಬಹುದಲ್ಲವೆ?

ಆತ 1949ರ ಸ್ಪರ್ಧೆಯಲ್ಲಿ ಗೆದ್ದು ಹಿರೋಶಿಮಾದ ಶಾಂತಿ ಉದ್ಯಾನವನ್ನು ರೂಪಿಸಿ ಹೆಸರಾದವನು. ಅಲ್ಲಿ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ವಸ್ತುಸಂಗ್ರಹಾಲಯದ ಅಡಿಯಿಂದ ನೋಟವು ನೇರವಾಗಿ ಬಾಂಬಿಗೆ ಅಳಿದುಳಿದ ಗುಮ್ಮಟದ ಕಡೆಗೆ ಹರಿಯುತ್ತದೆ. ಬಾಯಿಬಿಟ್ಟು ಹೇಳಿದ್ದು ಏನೂ ಇಲ್ಲ, ಎಲ್ಲವೂ ಧ್ವನಿ. ಸ್ಕೋಪ್ಯೆಯಲ್ಲಾದರೋ ಆತ ಹೆಸರನ್ನೇ ಮುಂದಿಟ್ಟ: 'ನಗರದ ಕೋಟೆಗೋಡೆ', 'ನಗರದ ಹೆಬ್ಬಾಗಿಲು'.

ಕೋಟೆಗೋಡೆಯೆಂದರೆ ನಡುಭಾಗವನ್ನು ಬಳಸಿ ನಿಂತ ವಸತಿ ಕಟ್ಟಡಗಳ ಸಾಲು, ನಡುನಡುವೆ ಎತ್ತರದ ಗೋಪುರಗಳು. ಅದು ಪೂರ್ತಿ ಸುತ್ತುವರಿಯಲಿಲ್ಲ. ಆದರೂ ಈ ರೂಪಕ ಗೆದ್ದಿತೆಂದೇ ನನ್ನ ಮತ. ಕೋಟೆ ಇರುವುದು ಪರರನ್ನು ಹೊರಗಿಡಲು. ಇಲ್ಲಿ ಗೋಡೆಯೊಳಗೇ ಜನ ಸಂಸಾರ ಹೂಡಿದ್ದಾರೆ. ಮನೆ ಕಳೆದುಕೊಂಡ ಊರಿಗೆ ಮನೆಗಳೇ ಕೋಟೆಯಾಗುವುದು ಎಂಥ ಔಚಿತ್ಯ! ಹೆಬ್ಬಾಗಿಲಿನ ಕಥೆ ಬೇರೆ. ರೈಲೂ ರಸ್ತೆಯೂ ಕೂಡುವ ಮಹಾದ್ವಾರವೆಂದು ಬಗೆದದ್ದರಲ್ಲಿ ಮುಖ್ಯವಾಗಿ ಕೈಗೂಡಿದ್ದು ಎತ್ತರದ ಕಟ್ಟೆಯ ಮೇಲಿನ ರೈಲು ನಿಲ್ದಾಣ; ಅದು ತೆರೆದದ್ದು 1981ರಲ್ಲಿ. ಹಣ ಸಾಲದಾಯಿತೆಂಬುದು ನಿಜ. ಆದರೆ ಸಂಸಾರವಂದಿಗರಿಗೆ ಗೋಡೆ ಬೇಕಾಗಿತ್ತು, ಬಾಗಿಲಿನ ವೈಭವ ಬೇಕಾಗಿದ್ದುದು ನಕ್ಷೆಗೆ ಮಾತ್ರ ಎಂದು ನನಗೆ ತೋರುತ್ತದೆ.

ಇದಕ್ಕಿಂತ ನನ್ನನ್ನು ಕೆರಳಿಸುವುದು 2010ರಿಂದೀಚೆಗೆ 'ಸ್ಕೋಪ್ಯೆ 2014' ಎಂಬ ಹೆಸರಿನಲ್ಲಿ ಸರ್ಕಾರ ನಡೆಸಿದ ಶೃಂಗಾರ. ಭೂಕಂಪದ ತರುವಾಯ ಎದ್ದ ಬರಿಯ ಕಾಂಕ್ರೀಟಿನ ಗೋಡೆಗಳ ಮುಂದೆ ಪುರಾತನ ಶೈಲಿಯ ಕಂಬಗಳನ್ನು ಅಂಟಿಸಿದರು, ಬೀದಿಯ ತುಂಬ ವಿಗ್ರಹಗಳನ್ನು ನಿಲ್ಲಿಸಿದರು. ತಾಂಗೆಯ ಹೆಬ್ಬಾಗಿಲು ಅತಿಯಾಯಿತೆನ್ನಬಹುದು, ಸುಳ್ಳೆನ್ನಲಾಗದು. ಈ ಕಂಬಗಳು ಏನನ್ನೂ ಹೊತ್ತಿಲ್ಲ.

ವಿದೇಶಿಯನ ಹೆಸರಿನ ಮರೆಯಲ್ಲಿ ಊರಿನವರು ಮಾಡಿದ ಕೆಲಸವನ್ನು ಮರೆಯುವುದೂ ಸಲ್ಲದು. ಯಾಂಕೊ ಕೊನ್ಸ್ತಾಂತಿನೊವ್ ಎಂಬ ಮ್ಯಾಸಿಡೋನಿಯದ ವಾಸ್ತುಶಿಲ್ಪಿ ವರ್ದಾರ್ ನದಿಯ ದಡದಲ್ಲಿ ಕಟ್ಟಿದ ಅಂಚೆಕಚೇರಿಯ ಹಜಾರ, ಚಿತ್ರದಲ್ಲಿ ಕಂಡರೆ, ಕಾಂಕ್ರೀಟಿನ ಹೂವಿನಂತಿದೆ. 2013ರಲ್ಲಿ ಅದಕ್ಕೆ ಬೆಂಕಿ ಬಿತ್ತು. ಸ್ಕೋಪ್ಯೆಗೆ ಹೋಗುವ ಯೋಗ ಬಂದರೆ ನಾನು ಮೊದಲು ನೋಡಹೋಗುವುದು ಅದನ್ನೇ.