ಜಯನಗರದ ಅಳತೆ

ಬಡಾವಣೆಯೊಂದು ಸಂಸಾರಸ್ಥರಿಗೆ ಹೇಳಿ ಮಾಡಿಸಿದ ಜಾಗ ಎಂದು ಯಾರಾದರೂ ಹೊಗಳಿದರೆ ನಾನು ಕೇಳುವುದು ಒಂದೇ ಪ್ರಶ್ನೆ: ಅಲ್ಲಿ ಹತ್ತು ವರ್ಷದ ಮಗುವಿನ ಕೈಗೆ ಚೀಲ ಕೊಟ್ಟು, ಒಂದು ಕಟ್ಟು ಕೊತ್ತಂಬರಿ ತಾ ಎಂದು ಒಂಟಿಯಾಗಿ ಕಳಿಸುತ್ತೀರಾ? ಬೆಂಗಳೂರಿನ ಜಯನಗರದಲ್ಲಿ ಅಮ್ಮ ನನ್ನನ್ನು ಕಳಿಸುತ್ತಿದ್ದಳು. ಅದೇ ಮನೆಯಿಂದ, ಅದೇ ಮಾರ್ಕೆಟ್ಟಿಗೆ, ನನ್ನ ತಂಗಿ ತನ್ನ ಮಗನನ್ನು ಕಳಿಸುವುದಿಲ್ಲ.

ಜಯಚಾಮರಾಜೇಂದ್ರ ಒಡೆಯರ ಹೆಸರು ಹೊತ್ತ ಈ ಬಡಾವಣೆಗೆ 1948ರಲ್ಲಿ ಕಲ್ಲಿಟ್ಟವರು ಆಗಿನ ಗವರ್ನರ್ ಜನರಲ್ ರಾಜಾಜಿ. ಲಾಲ್‌ಬಾಗಿನ ದಕ್ಷಿಣಕ್ಕಿದ್ದ ಹೊಲ ತೋಟಗಳ ಮೇಲೆ ಬ್ಲಾಕು, ಮೇನು, ಕ್ರಾಸುಗಳ ಗೆರೆ ಎಳೆದವರಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ಮನೆ ಕಟ್ಟಿಕೊಟ್ಟರೆ ಊರಾಗುವುದಿಲ್ಲ. ಶಾಲೆ, ಪಾರ್ಕು, ಮೈದಾನ, ಲೈಬ್ರರಿ ಎಲ್ಲವೂ ಕಾಲಳತೆಯಲ್ಲಿ ಇರಬೇಕು. 4ನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸ್ ಆ ತಿಳಿವಳಿಕೆಯ ಫಲ. ಚಂದದ ಕಟ್ಟಡವೇನಲ್ಲ, ಒಳಗೆ ಕತ್ತಲೆ, ಮಳೆಗಾಲದಲ್ಲಿ ಥಂಡಿ. ಅದರ ಪುಟ್ಟಣ್ಣ ಚಿತ್ರಮಂದಿರವೂ ಈಗಿಲ್ಲ. ಆದರೂ ಸಂಜೆ ಆರಕ್ಕೆ ಅಲ್ಲಿ ಹೋಗಿ ನಿಂತು ನೋಡಿ. ಹೂವಿನಾಕೆ ಮಲ್ಲಿಗೆ ದಂಡೆಯನ್ನು ಮೊಳಕೈಗೆ ಹಿಡಿದು ಅಳೆಯುತ್ತಾಳೆ, ಅಳೆದ ಮೇಲೆ ಎರಡು ಬೆರಳು ಹೆಚ್ಚು ಬಿಟ್ಟೇ ದಾರ ಹರಿಯುತ್ತಾಳೆ. ಡಿಸೆಂಬರಿನಲ್ಲಾದರೆ ಸೊಗಡು ಅವರೆಕಾಯಿಯ ವಾಸನೆ ಬಸ್ ಸ್ಟ್ಯಾಂಡಿನವರೆಗೂ ಬರುತ್ತದೆ. ಕಾರಿನಿಂದ ಇಳಿದವರೂ ಬಸ್ಸಿನಿಂದ ಇಳಿದವರೂ ಒಂದೇ ರಾಶಿಗೆ ಕೈ ಹಾಕಿ ಆರಿಸುತ್ತಾರೆ. ಜಯನಗರದ ನಿಜವಾದ ಸೌಲಭ್ಯ ಇದು ಎಂದು ನಾನು ನಂಬಿದ್ದೇನೆ. ಹೊರವಲಯದ ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸಿನಲ್ಲಿ ಈಜುಕೊಳ ಇರಬಹುದು. ಗೇಟಿನ ರಿಜಿಸ್ಟರಿನಲ್ಲಿ ಹೆಸರು ಬರೆಯದೆ ಯಾರೂ ಒಳಗೆ ಕಾಲಿಡುವಂತಿಲ್ಲ.

ಹಾಗೆಂದು ಆ ನಕ್ಷೆಯಲ್ಲಿ ಎಲ್ಲವೂ ಸರಿಯಿತ್ತು ಎನ್ನಲಾರೆ. 30×40, 40×60 ಸೈಟುಗಳಲ್ಲಿ ಗುಮಾಸ್ತರಿಗೂ ಮೇಷ್ಟರಿಗೂ ಜಾಗವಾಯಿತು. ಅವರ ಮನೆಯ ಪಾತ್ರೆ ತೊಳೆಯುವವಳು, ಬಟ್ಟೆ ಇಸ್ತ್ರಿ ಮಾಡುವವನು ಎಲ್ಲಿರಬೇಕೆಂದು ಯಾರೂ ಯೋಚಿಸಿದಂತಿಲ್ಲ. ಆ ಕೊರತೆಯನ್ನು ತುಂಬಿದ್ದು ಬಡಾವಣೆ ನುಂಗಲಾರದೆ ಬಿಟ್ಟ ಹಳ್ಳಿಗಳು: ಸಿದ್ದಾಪುರ, ಭೈರಸಂದ್ರ, ಕನಕನಪಾಳ್ಯ, ಯಡಿಯೂರು. ನೇರ ಮೇನ್ ರಸ್ತೆಯಿಂದ ಅವುಗಳ ಡೊಂಕು ಗಲ್ಲಿಗೆ ತಿರುಗಿದರೆ ಮನೆಗಳು ಒಂದಕ್ಕೊಂದು ಆತುಕೊಂಡು ನಿಂತಿರುತ್ತವೆ. ಜಯನಗರ ನಡೆಯುತ್ತಿರುವುದು ಆ ಗಲ್ಲಿಗಳ ದುಡಿಮೆಯಿಂದ. ಬಡಾವಣೆಯ ಗುಣಗಾನದಲ್ಲಿ ಅವುಗಳ ಹೆಸರು ಬರದಿದ್ದಾಗ ನನಗೆ ಸಂಕಟವಾಗುತ್ತದೆ.

ಪಾರ್ಕುಗಳ ವಿಷಯದಲ್ಲೂ ಇದೇ ತಕರಾರು. ನಗರದ ಪಾರ್ಕುಗಳಿಗೆ ಬಹಳ ಕಾಲ ಹಗಲು ಹೊತ್ತಿನಲ್ಲಿ ಬೀಗ ಹಾಕಿರುತ್ತಿತ್ತು. ವಾಕಿಂಗಿನವರು ಬೆಳಿಗ್ಗೆ, ಸಂಜೆ ಬರುತ್ತಾರೆ, ಅವರಿಗೆ ತೊಂದರೆಯಿಲ್ಲ. ಮೂರು ಮನೆಗಳ ಕೆಲಸ ಮುಗಿಸಿ ನಾಲ್ಕನೆಯದಕ್ಕೆ ಹೋಗುವ ಕೆಲಸದವಳಿಗೆ ನಡುವೆ ಅರ್ಧ ಗಂಟೆ ಕೂರಲು ನೆರಳು ಬೇಕಾಗುವುದು ಮಧ್ಯಾಹ್ನ. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು ತೀರ್ಮಾನವಾದಾಗ ನಾನು ತುಂಬ ಸಂತೋಷಪಟ್ಟೆ.

ಲಕ್ಷ್ಮಣ ರಾವ್ ಉದ್ಯಾನದ ನೋವು ಬೇರೆ. ರಸ್ತೆಯುದ್ದಕ್ಕೂ ಹಬ್ಬಿದ್ದ ಆ ಹಸಿರು ಪಟ್ಟಿಯ ಮರಗಳಿಗೆ 2009ರಲ್ಲಿ ಮೆಟ್ರೋಗಾಗಿ ಕೊಡಲಿ ಬಿತ್ತು. ಜನ ಬೀದಿಗಿಳಿದರೂ ಮರಗಳು ಉಳಿಯಲಿಲ್ಲ. 2017ರಿಂದ ಹಸಿರು ಮಾರ್ಗದ ರೈಲು ಆ ಜಾಗದ ಮೇಲೆ ಓಡುತ್ತಿದೆ. ಅದರಲ್ಲಿ ನಾನೂ ಓಡಾಡುತ್ತೇನೆ. ಮೆಟ್ರೋ ಬೇಡವಿತ್ತು ಎನ್ನುವುದಿಲ್ಲ. ಅಷ್ಟು ನೆರಳು ಕಳೆದುಕೊಂಡ ಊರಿಗೆ ಅಷ್ಟೇ ನೆರಳನ್ನು ಪಕ್ಕದಲ್ಲೇ ಬೆಳೆಸಿಕೊಡಬೇಕಿತ್ತು ಎನ್ನುತ್ತೇನೆ.

ಹಬ್ಬಗಳು ಮಾತ್ರ ಇನ್ನೂ ಬೀದಿಯಲ್ಲೇ ಇವೆ. ರಾಗಿಗುಡ್ಡದ ಹನುಮಜ್ಜಯಂತಿ, ಗಣೇಶನ ಪೆಂಡಾಲು, ನವೆಂಬರ್ ಪೂರ್ತಿ ಒಂದಲ್ಲ ಒಂದು ಕ್ರಾಸಿನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ. ಗದ್ದಲ ಹೆಚ್ಚು, ಪರೀಕ್ಷೆ ಇರುವ ಮಕ್ಕಳ ಪಾಡು ಕಷ್ಟ. ಆದರೂ ಗಲ್ಲಿಯವರೂ ಮೇನ್ ರಸ್ತೆಯವರೂ ಒಂದೇ ಸಾಲಿನಲ್ಲಿ ನಿಂತು ಕೋಸಂಬರಿ ದೊನ್ನೆಗೆ ಕೈಯೊಡ್ಡುವುದು ಅಲ್ಲೇ.

ಕೆಟ್ಟಿರುವುದು ಫುಟ್‌ಪಾತು. ಮೊನ್ನೆ ತಂಗಿಯ ಮಗನ ಜೊತೆ ಮಾರ್ಕೆಟ್ಟಿಗೆ ನಡೆದೆ. 11ನೇ ಮೇನ್‌ನಲ್ಲಿ ಕಾಂಪೌಂಡು, ಮಾವಿನ ಮರ ಇದ್ದ ಮನೆಗಳು ಶೋರೂಮುಗಳಾಗಿವೆ, ಅವುಗಳ ಗಿರಾಕಿಗಳ ಗಾಡಿಗಳು ಕಲ್ಲುಹಾಸಿನ ಮೇಲೇರಿವೆ. ಟ್ರಾನ್ಸ್‌ಫಾರ್ಮರು, ಸ್ಕೂಟರು, ಎದ್ದ ಚಪ್ಪಡಿ. ಒಂಬತ್ತು ಸಲ ನಾವು ರಸ್ತೆಗೆ ಇಳಿದು ಹತ್ತಿದೆವು. ಒಂಬತ್ತೂ ಸಲ ನಾನು ಅವನ ತೋಳು ಹಿಡಿದುಕೊಂಡೆ. ಮಾರ್ಕೆಟ್ಟಿನಲ್ಲಿ ಅವನೇ ಮುಂದೆ ಹೋಗಿ ಸೊಪ್ಪು ಆರಿಸಿದ, ಚಿಲ್ಲರೆ ಎಣಿಸಿ ಕೊಟ್ಟ. ಸೊಪ್ಪಿನಜ್ಜಿ ಕೊಸರಿಗೆ ಎರಡು ಎಸಳು ಕರಿಬೇವು ಚೀಲಕ್ಕೆ ಹಾಕಿ, “ನಾಳೆ ಒಬ್ಬನೇ ಬಾರಪ್ಪ, ಒಳ್ಳೇದು ಎತ್ತಿಟ್ಟಿರ್ತೀನಿ” ಅಂದಳು. ಅವನು ನನ್ನ ಮುಖ ನೋಡಿದ.